ತಿದ್ದಿದ ಫೈಲ್ ಬೆಳಗಾಗುವಷ್ಟರಲ್ಲಿ ಮತ್ತೆ ಹಳೆಯದಾಗುತ್ತಿದೆ: ಪೀಣ್ಯದ ಹಳೆಯ ಸರ್ವರ್

ಲೆಡ್ಜರ್‌ಪುಟ · ಮಂಗಳವಾರ, ಬೆಳಿಗ್ಗೆ 11:20

ನಮಸ್ಕಾರ. ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ನಮ್ಮಲ್ಲಿ ಆರು ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕೊರೆಯುವ) ಯಂತ್ರಗಳಿವೆ, ಒಂದು ಸರ್ವರ್ ಇದೆ. ಸರ್ವರ್ ನೋಡಿಕೊಳ್ಳುತ್ತಿದ್ದ ಹಿರಿಯರು ಯುಗಾದಿಯ ಹೊತ್ತಿಗೆ ನಿವೃತ್ತರಾಗಿ ಊರಿಗೆ ಹೋದರು. "ನಿಮಗೆ ಟ್ಯಾಲಿ ಬರುತ್ತದಲ್ಲ ಮೇಡಂ, ಇದೂ ಕಂಪ್ಯೂಟರೇ" ಎಂದು ಮಾಲೀಕರು ರೂಟ್ (ಸರ್ವರ್‌ನ ಸರ್ವಾಧಿಕಾರದ ಲಾಗಿನ್) ಪಾಸ್‌ವರ್ಡ್ ಬರೆದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಸರ್ವರ್ ನನ್ನ ಪಾಲಿಗೆ ಬಂದದ್ದು ಹೀಗೆ.

ಅದು ಇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕಂಪ್ರೆಸರ್ ಪಕ್ಕದಲ್ಲಿ. ಆಯುಧಪೂಜೆಗೆ ಹಚ್ಚಿದ ಕುಂಕುಮ ಮುಂಭಾಗದಲ್ಲಿ ಇನ್ನೂ ಹಾಗೆಯೇ ಇದೆ. ಅದರ ಕೆಳಗೆ ಹಿರಿಯರ ಕೈಬರಹದ ಕಾಗದ: "ಆರಿಸಬೇಡಿ. ಕೇಳಿ ಮುಟ್ಟಿ." ಒಳಗಿರುವುದು ಉಬುಂಟು 16.04 ಎಂಬ ಲಿನಕ್ಸ್, ವಿಂಡೋಸ್ ಕಂಪ್ಯೂಟರ್‌ಗಳಿಗೆ ಸಾಂಬಾ ಎಂಬ ತಂತ್ರಾಂಶದ ಮೂಲಕ ಫೋಲ್ಡರ್ ಹಂಚಿಕೆ. ಯಂತ್ರಗಳ ಪ್ರೋಗ್ರಾಂ ಫೈಲ್‌ಗಳೆಲ್ಲ ಅಲ್ಲಿವೆ. ಕೆಳಗಿನ ಶಾಪ್ ಕಂಪ್ಯೂಟರ್‌ನಿಂದ ಆಪರೇಟರ್‌ಗಳು ಅವನ್ನು ತೆರೆದು, ಬೇಕಾದರೆ ತಿದ್ದಿ, ಕೇಬಲ್ ಮೂಲಕ ಯಂತ್ರಕ್ಕೆ ಕಳುಹಿಸುತ್ತಾರೆ. ಯಂತ್ರದ ಮೆಮೊರಿ ಚಿಕ್ಕದು. ಆದ್ದರಿಂದ ಜಾಬ್ ಬದಲಾದಾಗಲೆಲ್ಲ ಹೊಸದಾಗಿ ಕಳುಹಿಸಲೇಬೇಕು.

ಈ ವಿಷಯ ನನ್ನ ಗಮನಕ್ಕೆ ಬಂದದ್ದು ಒಂದು ವೋಚರ್‌ನಿಂದ. 8.5 ಮಿ.ಮೀ. ಡ್ರಿಲ್‌ಗಳನ್ನು ತಿಂಗಳಿಗೆ ಎರಡೋ ಮೂರೋ ಕೊಳ್ಳುತ್ತಿದ್ದವರು ಒಂದೇ ವಾರದಲ್ಲಿ ಒಂಬತ್ತು ಕೊಂಡಿದ್ದಾರೆ. ಕೆಳಗೆ ಹೋಗಿ ಕೇಳಿದೆ. ಸ್ಟೇನ್‌ಲೆಸ್ ಫ್ಲೇಂಜ್‌ಗೆ ಎಂ10 ಟ್ಯಾಪ್ ಹಾಕುವ (ಬೋಲ್ಟ್‌ನ ಮರೆ ಕೊರೆಯುವ) ಮೊದಲು ಕೊರೆಯುವ ತೂತು ಅದು. ಈ ಬಾರಿ ಬಂದ ಡ್ರಿಲ್‌ಗಳು ಹಿಂದಿನಷ್ಟು ತಡೆಯುತ್ತಿಲ್ಲವಂತೆ, ಅದಕ್ಕೆ ಫೀಡ್ (ಡ್ರಿಲ್ ಒಳಗಿಳಿಯುವ ವೇಗ, ನಿಮಿಷಕ್ಕೆ ಇಷ್ಟು ಮಿ.ಮೀ. ಎಂದು) ಇಳಿಸಿದ್ದಾರೆ. ಪ್ರೋಗ್ರಾಂನಲ್ಲಿ "ಎಫ್54" ಎಂದಿದ್ದುದನ್ನು "ಎಫ್40" ಮಾಡಿ ಉಳಿಸುತ್ತಾರೆ. ಮರುದಿನ ಬೆಳಿಗ್ಗೆ ಆರಕ್ಕೆ ಮೊದಲ ಪಾಳಿಯವರು ಅದೇ ಫೈಲ್ ಕಳುಹಿಸಿದರೆ ಮತ್ತೆ ಎಫ್54. ಡ್ರಿಲ್ ಟಪ್ ಎನ್ನುತ್ತದೆ. ಮೊದಲ ಪಾಳಿಯವರು ಎರಡನೇ ಪಾಳಿಯವರನ್ನು ಬೈಯುತ್ತಾರೆ, ಎರಡನೇ ಪಾಳಿಯವರು ತಾಯಾಣೆ ನಾವು ಮುಟ್ಟಿಲ್ಲ ಎನ್ನುತ್ತಾರೆ.

ಲೆಕ್ಕ ಕೂಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆದ್ದರಿಂದ ಒಂದು ನೋಟ್‌ಬುಕ್ ಇಟ್ಟೆ:

ಗುರುವಾರ ಬೆಳಿಗ್ಗೆ 11ಕ್ಕೆ ತಿದ್ದಿದ್ದು, ಶುಕ್ರವಾರ ಬೆಳಿಗ್ಗೆ ಇಲ್ಲ.
ಶುಕ್ರವಾರ ರಾತ್ರಿ 9:40ಕ್ಕೆ ತಿದ್ದಿದ್ದು (ಎರಡನೇ ಪಾಳಿಯವರು ಪರದೆಯ ಚಿತ್ರವನ್ನೇ ನನ್ನ ಮೊಬೈಲ್‌ಗೆ ಕಳುಹಿಸಿದರು), ಶನಿವಾರ ಬೆಳಿಗ್ಗೆ ಇಲ್ಲ.
ಭಾನುವಾರ ಓವರ್‌ಟೈಮ್‌ನಲ್ಲಿ ಮಧ್ಯಾಹ್ನ ತಿದ್ದಿದ್ದು, ಸೋಮವಾರ ಇಡೀ ದಿನ ಇತ್ತು! ಇಂದು ಮಂಗಳವಾರ, ಇಲ್ಲ.

ಇನ್ನೂ ಎರಡು ವಿಚಿತ್ರ. ಹೀಗಾಗುವುದು ಹಳೆಯ ಪ್ರೋಗ್ರಾಂಗಳಿಗೆ ಮಾತ್ರ. ಈ ವರ್ಷ ಹೊಸದಾಗಿ ಬರೆದವುಗಳಿಗೆ ಏನೂ ಆಗುವುದಿಲ್ಲ. ಎರಡನೆಯದು, ಬದಲಾದ ಫೈಲ್‌ನ ದಿನಾಂಕ ನೋಡಿದರೆ 2019ರ ಮಾರ್ಚ್ ತೋರಿಸುತ್ತದೆ. ನಿನ್ನೆ ಕಣ್ಣಾರೆ ಎಫ್40 ಎಂದು ನೋಡಿದ ಫೈಲ್ 2019ರಿಂದ ಯಾರೂ ಮುಟ್ಟಿಲ್ಲ ಎಂದು ಹೇಳುತ್ತಿದೆ. ರೂಟ್ ಆಗಿ ಒಳಹೊಕ್ಕು ಕ್ರಾನ್‌ಟ್ಯಾಬ್ (ನಿಗದಿತ ಹೊತ್ತಿಗೆ ಸರ್ವರ್ ತಾನಾಗಿ ಮಾಡುವ ಕೆಲಸಗಳ ಪಟ್ಟಿ) ನೋಡಿದೆ, ತಾತ್ಕಾಲಿಕ ಫೈಲ್ ಅಳಿಸುವ ಒಂದು ಸಾಲು ಬಿಟ್ಟರೆ ಏನೂ ಇಲ್ಲ. ಹಿರಿಯರ ಫೋನ್ ಎರಡು ದಿನದಿಂದ ವ್ಯಾಪ್ತಿ ಪ್ರದೇಶದ ಹೊರಗಿದೆ.

ಎಲ್ಲಿಂದ ಶುರು ಮಾಡಲಿ?

---

ಜಾಗ್ರತೆ_ಜಾಗ್ರತೆ · ಮಂಗಳವಾರ, ಬೆಳಿಗ್ಗೆ 11:52

ಮೇಡಂ, ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ. 16.04ಕ್ಕೆ ಸಾಮಾನ್ಯ ಬೆಂಬಲ ಮುಗಿದದ್ದೇ 2021ರ ಏಪ್ರಿಲ್‌ನಲ್ಲಿ. ಜೊತೆಗೆ ಸಾಂಬಾ ಬೇರೆ. 2017ರ ಮೇನಲ್ಲಿ ವನ್ನಾಕ್ರೈ ಎಂಬ ಸುಲಿಗೆಕೋರ ತಂತ್ರಾಂಶ ಹರಡಿದ್ದು ಇದೇ ರೀತಿಯ ಫೈಲ್ ಹಂಚಿಕೆಯ ದಾರಿಯಿಂದ. ಯಾರೋ ಒಳಗೆ ಕೂತಿದ್ದಾರೆ. ಡಿಸ್ಕ್ ಅಳಿಸಿ ಹೊಸದಾಗಿ ಹಾಕಿಸುವುದೊಂದೇ ದಾರಿ.

---

ಹಳೆಯ_ಟರ್ಮಿನಲ್ · ಮಂಗಳವಾರ, ಮಧ್ಯಾಹ್ನ 1:05

ಡಿಸ್ಕ್ ಅಳಿಸಿದರೆ ರೋಗದ ಜೊತೆ ರೋಗಿಯೂ ಹೋಗುತ್ತಾನೆ. ಏನಾಗಿತ್ತೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಸುಲಿಗೆಕೋರ ತಂತ್ರಾಂಶ ಬಂದರೆ ಫೈಲ್ ತೆರೆಯಲಾಗದಂತೆ ಮಾಡಿ ಹಣ ಕೇಳುತ್ತದೆ. ಎಫ್40 ಅನ್ನು ಎಫ್54 ಮಾಡಿ ಸುಮ್ಮನೆ ಕೂರುವುದಿಲ್ಲ. ಹೊರಗಿನ ಇಂಟರ್‌ನೆಟ್‌ನಿಂದ ಆ ಸರ್ವರ್‌ಗೆ ದಾರಿ ಇದೆಯೇ ಎಂದು ರೂಟರ್‌ನಲ್ಲಿ ನೋಡಿಕೊಳ್ಳಿ, ಇದ್ದರೆ ಇವತ್ತೇ ಮುಚ್ಚಿ. ಅಷ್ಟು ಮಾತು ಅವರದು ಸರಿ.

ಮೇಡಂ, ನಿಮ್ಮ ನೋಟ್‌ಬುಕ್ ಚಿನ್ನದಂಥದ್ದು. ಅದನ್ನು ಮುಂದುವರಿಸಿ.

2019ರ ಗುಟ್ಟು ಇದು. ಲಿನಕ್ಸ್‌ನಲ್ಲಿ ಪ್ರತಿ ಫೈಲ್‌ಗೆ ಒಂದಕ್ಕಿಂತ ಹೆಚ್ಚು ಸಮಯಗಳಿರುತ್ತವೆ. ನೀವು ವಿಂಡೋಸ್‌ನಲ್ಲಿ ಕಾಣುವುದು "ಮಾಡಿಫೈ" ಸಮಯ, ಅಂದರೆ ಒಳಗಿನ ಬರಹ ಬದಲಾದ ಸಮಯ. ಇದನ್ನು ಆಜ್ಞೆ ಕೊಟ್ಟು ಹಿಂದಕ್ಕೆ ಮುಂದಕ್ಕೆ ತಿರುಗಿಸಬಹುದು. ಫೈಲ್ ನಕಲು ಮಾಡುವ ಎಷ್ಟೋ ಆಜ್ಞೆಗಳು ಮೂಲದ ದಿನಾಂಕವನ್ನೇ ನಕಲಿಗೂ ಅಂಟಿಸುತ್ತವೆ. ಇನ್ನೊಂದು "ಚೇಂಜ್" ಸಮಯ. ಫೈಲ್‌ನ ಮಾಲೀಕ, ಅನುಮತಿ, ದಿನಾಂಕ, ಬರಹ, ಯಾವುದನ್ನು ಮುಟ್ಟಿದರೂ ಆ ಸಮಯವನ್ನು ಕರ್ನೆಲ್ (ಲಿನಕ್ಸ್‌ನ ತಿರುಳು) ತಾನೇ ಬರೆದುಕೊಳ್ಳುತ್ತದೆ. ಸಾಮಾನ್ಯ ಆಜ್ಞೆಗಳಿಂದ ಅದನ್ನು ತಿರುಚಲಾಗದು. ವಿಂಡೋಸ್ ಪರದೆಯಲ್ಲಿ ಇದು ಕಾಣುವುದೂ ಇಲ್ಲ.

ಇವತ್ತು ಸಂಜೆ ನಾಲ್ಕಕ್ಕೆ ಫೈಲ್ ತಿದ್ದಿ. ಸರ್ವರ್‌ನಲ್ಲೇ ಕುಳಿತು "ಸ್ಟ್ಯಾಟ್" ಎಂದು ಹೊಡೆದು ಮುಂದೆ ಫೈಲ್ ಹೆಸರು ಕೊಡಿ, ಬಂದದ್ದನ್ನು ಬರೆದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ, ಯಾರೂ ತೆರೆಯುವ ಮೊದಲು, ಮತ್ತೊಮ್ಮೆ. ಫೈಲ್‌ನ ಮಾಲೀಕರ ಹೆಸರನ್ನೂ ನೋಡಿ: ಬದಲಾಗುವ ಹಳೆಯ ಫೈಲ್‌ನದು ಮತ್ತು ಬದಲಾಗದ ಹೊಸ ಫೈಲ್‌ನದು.

---

ಲೆಡ್ಜರ್‌ಪುಟ · ಬುಧವಾರ, ಬೆಳಿಗ್ಗೆ 8:45

ಆರು ಗಂಟೆಗೆ ಮೊದಲೇ ಬಂದು ಕೂತೆ. ಜಾಲಹಳ್ಳಿಯಿಂದ ಆಟೋದವನು ಒಂದಕ್ಕೆ ಎರಡರಷ್ಟು ಕೇಳಿದ, ಅದನ್ನು ಯಾವ ಖಾತೆಗೆ ಬರೆಯಲಿ ಎಂದು ಯೋಚಿಸುತ್ತಿದ್ದೇನೆ.

ಬೆಳಗಿನ ಸ್ಟ್ಯಾಟ್: ಮಾಡಿಫೈ 2019ರ ಮಾರ್ಚ್. ಚೇಂಜ್, ನಿನ್ನೆಯ ದಿನಾಂಕ, 20:30:02, ಕೊನೆಯಲ್ಲಿ ಪ್ಲಸ್ ನಾಲ್ಕು ಸೊನ್ನೆ. ಒಳಗೆ ಎಫ್54.

ಮಾಲೀಕರ ಹೆಸರು: ಹೊಸ ಫೈಲ್‌ಗಳೆಲ್ಲ "ಶಾಪ್" ಹೆಸರಲ್ಲಿವೆ, ಅದು ಕೆಳಗಿನ ಕಂಪ್ಯೂಟರ್‌ನ ಲಾಗಿನ್. ಬದಲಾಗುವ ಹಳೆಯವೆಲ್ಲ "ಕ್ಯೂಸಿ" ಹೆಸರಲ್ಲಿವೆ. ಹಾಗೆಂದರೆ ಗುಣಮಟ್ಟ ವಿಭಾಗ ಇರಬೇಕು, ಆದರೆ ಆ ಲಾಗಿನ್ ಈಗ ಯಾರೂ ಬಳಸುವುದಿಲ್ಲ.

20:30 ಅಂದರೆ ರಾತ್ರಿ ಎಂಟೂವರೆ. ಆ ಹೊತ್ತಿಗೆ ಎರಡನೇ ಪಾಳಿ ನಡೆಯುತ್ತಿರುತ್ತದೆ. ನಿನ್ನೆ ಶಾಪ್ ಕಂಪ್ಯೂಟರ್ ಮುಂದೆ ಎಂಟರಿಂದ ಒಂಬತ್ತರವರೆಗೆ ಇದ್ದವರು ಯಾರೆಂದು ವಿಚಾರಿಸಿದೆ, ಒಬ್ಬರೇ ಒಬ್ಬರು. ಹತ್ತು ಗಂಟೆಗೆ ಮಾಲೀಕರು ಬರುತ್ತಾರೆ. ಹೇಳಿಬಿಡಲೇ?

---

ಹಳೆಯ_ಟರ್ಮಿನಲ್ · ಬುಧವಾರ, ಬೆಳಿಗ್ಗೆ 9:10

ಮೇಡಂ, ಹೇಳಬೇಡಿ! ದಯವಿಟ್ಟು ಇದನ್ನು ಓದಿ ಮುಗಿಸುವವರೆಗೆ ಮಾಲೀಕರ ಕೋಣೆಯ ಕಡೆ ಹೋಗಬೇಡಿ.

ಆ ಪ್ಲಸ್ ನಾಲ್ಕು ಸೊನ್ನೆಯೇ ಇಡೀ ಕಥೆ. ನಿಮ್ಮ ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ), ನಮ್ಮ ಸಮಯದಲ್ಲಿ ಇಲ್ಲ. ಭಾರತೀಯ ಸಮಯವಾಗಿದ್ದರೆ ಅಲ್ಲಿ ಪ್ಲಸ್ 0530 ಇರುತ್ತಿತ್ತು. 20:30ಕ್ಕೆ ಐದೂವರೆ ಗಂಟೆ ಸೇರಿಸಿ: ಬೆಳಗಿನ ಜಾವ ಎರಡು. ಆಗ ನಿಮ್ಮ ಕಾರ್ಖಾನೆಯಲ್ಲಿ ಕಾವಲುಗಾರನ ಹೊರತು ಯಾರಿದ್ದಾರೆ?

ನಿಮ್ಮ ನೋಟ್‌ಬುಕ್ ಕೂಡ ಅದನ್ನೇ ಹೇಳುತ್ತಿದೆ. ಶುಕ್ರವಾರ ರಾತ್ರಿ 9:40ಕ್ಕೆ ತಿದ್ದಿದ್ದು ಶನಿವಾರ ಇರಲಿಲ್ಲ ಎಂದು ಬರೆದಿದ್ದೀರಿ. ಎಂಟೂವರೆಗೆ ಯಾರೋ ಬದಲಿಸುವುದಾಗಿದ್ದರೆ 9:40ರ ತಿದ್ದುಪಡಿ ಉಳಿಯಬೇಕಿತ್ತು. ಆ ಪಾಳಿಯವರು ನಿಮಗೆ ಚಿತ್ರ ಕಳುಹಿಸಿ ತಮ್ಮ ಮಾನ ತಾವೇ ಉಳಿಸಿಕೊಂಡಿದ್ದಾರೆ.

ಇನ್ನು ಭಾನುವಾರ. ಸೋಮವಾರ ಇತ್ತು, ಮಂಗಳವಾರ ಮಾಯ. ಅಂದರೆ ಭಾನುವಾರ ರಾತ್ರಿ ಕಳೆದು ಬರುವ ಎರಡು ಗಂಟೆಗೆ ಅದು ನಡೆಯಲಿಲ್ಲ. ವಾರಕ್ಕೆ ಆರು ರಾತ್ರಿ ಸರಿಯಾಗಿ ಎರಡಕ್ಕೆ ಎದ್ದು, ಭಾನುವಾರ ರಜೆ ತೆಗೆದುಕೊಳ್ಳುವವರು ಮನುಷ್ಯರಲ್ಲ. ಅದು ಕ್ರಾನ್. ಸೋಮವಾರದಿಂದ ಶನಿವಾರ, 20:30 ಎಂದು ಬರೆದಿರುತ್ತಾರೆ.

ನೀವು ನೋಡಿದ್ದು ರೂಟ್‌ನ ಪಟ್ಟಿ ಮಾತ್ರ. ಪ್ರತಿ ಬಳಕೆದಾರನಿಗೂ ತನ್ನದೇ ಕ್ರಾನ್‌ಟ್ಯಾಬ್ ಇರುತ್ತದೆ. "ವಾರ್" ಒಳಗೆ "ಸ್ಪೂಲ್", ಅದರೊಳಗೆ "ಕ್ರಾನ್", ಅದರೊಳಗೆ "ಕ್ರಾನ್‌ಟ್ಯಾಬ್ಸ್" ಎಂಬ ಫೋಲ್ಡರ್ ತೆರೆದರೆ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಫೈಲ್ ಕಾಣುತ್ತದೆ. ಅಲ್ಲಿ ಕ್ಯೂಸಿ ಇರುತ್ತದೆಂದು ಒಂದು ಕಾಫಿ ಪಂದ್ಯ. ಓದಿ ಮುಚ್ಚಿ, ಸದ್ಯಕ್ಕೆ ಏನೂ ಅಳಿಸಬೇಡಿ. ಸಿಸ್‌ಲಾಗ್ ಫೈಲ್‌ನಲ್ಲಿ ನಿನ್ನೆಯ 20:30ರ ಸಾಲನ್ನೂ ಹುಡುಕಿ. ಕ್ರಾನ್ ಯಾರ ಹೆಸರಿನಲ್ಲಿ ಯಾವ ಆಜ್ಞೆ ಓಡಿಸಿತೆಂದು ಅಲ್ಲಿ ಬರೆದಿರುತ್ತದೆ.

ಅಲ್ಲೂ ಸಿಗದಿದ್ದರೆ ಫೈಲ್ ಮುಟ್ಟಿದವರನ್ನು ದಾಖಲಿಸುವ ಆಡಿಟ್‌ಡಿ ಎಂಬ ತಂತ್ರಾಂಶ ಹಾಕಿಸಿ ಆ ಫೋಲ್ಡರ್ ಮೇಲೆ ಕಾವಲಿಡಬಹುದು. ಬರೆದವರು "ಎಸ್‌ಎಂಬಿಡಿ" (ಅದು ಸಾಂಬಾ) ಎಂದು ಬಂದರೆ ವಿಂಡೋಸ್ ಕಂಪ್ಯೂಟರ್‌ನಿಂದ ಬಂದ ಕೈ, ಬೇರೆ ಹೆಸರು ಬಂದರೆ ಸರ್ವರ್‌ನ ಒಳಗಿನದೇ ಕೈ. ಆದರೆ ಅಷ್ಟು ದೂರ ಹೋಗಬೇಕಾಗಲಿಕ್ಕಿಲ್ಲ.

---

ಮಿಲ್ಲಿಂಗ್_ಮೇಸ್ತ್ರಿ · ಬುಧವಾರ, ಮಧ್ಯಾಹ್ನ 12:30

ನಾನು ಸರ್ವರ್ ಮನುಷ್ಯನಲ್ಲ. ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕಲಿತು ಇಪ್ಪತ್ತೆರಡು ವರ್ಷ ಯಂತ್ರದ ಮುಂದೆ ನಿಂತವನು. ಈ ಕಥೆ ಓದುತ್ತಿದ್ದಂತೆ ನಗು ಬಂತು, ಏಕೆಂದರೆ ಇದು ಏತಕ್ಕೆ ಹೀಗಿದೆ ಎಂದು ನನಗೆ ಅಂದಾಜಿದೆ.

ಫೀಡ್ ಇಳಿಸುವ ಆಪರೇಟರ್ ಕಡಿಮೆ, ಏರಿಸುವವರೇ ಹೆಚ್ಚು. ಹತ್ತು ಗಂಟೆಯ ಬಸ್ ತಪ್ಪಬಾರದು, ಲೆಕ್ಕದ ಪೀಸ್ ಮುಗಿಯಬೇಕು, ಎಫ್54 ಅನ್ನು 70 ಮಾಡುತ್ತಾರೆ. ಯಂತ್ರದ ಫಲಕದಲ್ಲೇ ಫೀಡ್ ಏರಿಸುವ ಗುಂಡಿ ಇದೆ. ಆದರೆ ಅದು ಮೇಲ್ವಿಚಾರಕರ ಕಣ್ಣಿಗೆ ಬೀಳುತ್ತದೆ. ಫೈಲ್‌ನಲ್ಲಿ ತಿದ್ದಿದರೆ ಯಾರಿಗೂ ಕಾಣುವುದಿಲ್ಲ. ಆಮೇಲೆ ತೂತಿನ ಅಳತೆ ದೊಡ್ಡದಾಗಿ ಟ್ಯಾಪ್ ಸಡಿಲ. ಗ್ರಾಹಕರು ಇಡೀ ಲಾಟ್ ಹಿಂದಕ್ಕೆ ಕಳುಹಿಸುತ್ತಾರೆ. ಮೊದಲ ಪೀಸ್ ಅಳೆದು ಒಪ್ಪಿದ ಪ್ರೋಗ್ರಾಂ ಒಂದು ಕಡೆ ಭದ್ರವಾಗಿರಬೇಕು ಎನ್ನುವುದು ಇದಕ್ಕೇ. ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9001:2015ರ 8.5.6 ಕಲಂ ಕೇಳುವುದೂ ಅದನ್ನೇ: ಬದಲಾವಣೆಯನ್ನು ಯಾರು ಪರಿಶೀಲಿಸಿದರು, ಯಾರು ಒಪ್ಪಿದರು ಎಂಬುದಕ್ಕೆ ದಾಖಲೆ ಇರಬೇಕು.

ನಿಮ್ಮ ಹಿರಿಯರು ಒಪ್ಪಿದ ಪ್ರತಿಯನ್ನು ರಾತ್ರಿಗೊಮ್ಮೆ ಮೇಲೆ ಹೊದಿಸುತ್ತಿದ್ದಾರೆ. ಅದನ್ನು ನಿಲ್ಲಿಸಿದಿರೋ, ಡ್ರಿಲ್ ಉಳಿಯುತ್ತದೆ, ಫ್ಲೇಂಜ್ ಹೋಗುತ್ತದೆ.

ಅಂದ ಹಾಗೆ ಎಸ್450ಕ್ಕೆ (ನಿಮಿಷಕ್ಕೆ 450 ಸುತ್ತು) ಎಫ್54 ಅಂದರೆ ಪ್ರತಿ ಸುತ್ತಿಗೂ 0.12 ಮಿ.ಮೀ. ಆಯಿತು. ಒಳ್ಳೆಯ ಡ್ರಿಲ್ ತಡೆಯುತ್ತದೆ. ಎಫ್40 ಅಂದರೆ ಸುಮಾರು 0.09. ನಿಮ್ಮ ವೇಗ ಎಷ್ಟಿದೆಯೆಂದು ಬರೆದಿಲ್ಲ, 8.5ರ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ ಇರಬಹುದೆಂದು 450 ಹಿಡಿದೆ. ಮೊದಲು ಖರೀದಿಯವರು ಯಾವ ಡ್ರಿಲ್ ತಂದರೆಂದು ಕೇಳಿ ಮೇಡಂ. ವೋಚರ್ ನಿಮ್ಮ ಬಳಿಯೇ ಇದೆಯಲ್ಲ.

---

ಹೊಸ_ಆವೃತ್ತಿ · ಬುಧವಾರ, ಮಧ್ಯಾಹ್ನ 2:15

ಇಷ್ಟೆಲ್ಲ ಯಾಕೆ? ಈ ಭಾನುವಾರ ಹೊಸ ಉಬುಂಟು ಹಾಕಿಬಿಡಿ, ಎಲ್ಲ ಸ್ವಚ್ಛ.

---

ಹಳೆಯ_ಟರ್ಮಿನಲ್ · ಬುಧವಾರ, ಮಧ್ಯಾಹ್ನ 2:31

ಹಾಕಬೇಕು, ಆದರೆ ಈ ಭಾನುವಾರವಲ್ಲ. ಕಾರ್ಖಾನೆಯ ಕೆಳಗಿನ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಎಕ್ಸ್‌ಪಿ ಇನ್ನೂ ಇರುವುದುಂಟು, ಅದಕ್ಕೆ ಗೊತ್ತಿರುವುದು ಎಸ್‌ಎಂಬಿಯ (ಫೈಲ್ ಹಂಚಿಕೆಗೆ ವಿಂಡೋಸ್ ಮತ್ತು ಸಾಂಬಾ ಆಡುವ ಭಾಷೆ) ಮೊದಲ ಆವೃತ್ತಿ ಮಾತ್ರ. 2019ರ ಸಾಂಬಾ 4.11ರಿಂದ ಮುಂದಕ್ಕೆ ಅದು ಮೊದಲೇ ಮುಚ್ಚಿ ಬರುತ್ತದೆ. ಸೋಮವಾರ ಬೆಳಿಗ್ಗೆ ಆರಕ್ಕೆ ಶಾಪ್ ಕಂಪ್ಯೂಟರ್‌ಗೆ ಸರ್ವರೇ ಕಾಣದಿದ್ದರೆ ಮೇಡಂ ಯಾರಿಗೆ ಫೋನ್ ಮಾಡಬೇಕು, ನಿಮಗೇ?

---

ಲೆಡ್ಜರ್‌ಪುಟ · ಶನಿವಾರ, ಬೆಳಿಗ್ಗೆ 10:05

ಹಳೆಯ ಟರ್ಮಿನಲ್ ಅವರೇ, ಕಾಫಿ ನಿಮ್ಮದು. ಮೇಸ್ತ್ರಿಗಳೇ, ನಿಮಗೂ ಒಂದು. ಶಾಪ್ ಕಂಪ್ಯೂಟರ್ ಎಕ್ಸ್‌ಪಿಯೇ, ಅದನ್ನು ಹೇಗೆ ಊಹಿಸಿದಿರೋ! ಯಂತ್ರದಲ್ಲಿ ಎಸ್450 ಎಂದೇ ಇದೆ.

ಕ್ರಾನ್‌ಟ್ಯಾಬ್ಸ್ ಫೋಲ್ಡರ್‌ನಲ್ಲಿ ಕ್ಯೂಸಿ ಹೆಸರಿನ ಫೈಲ್ ಇತ್ತು. 30, 20, ಎರಡು ನಕ್ಷತ್ರ ಚಿಹ್ನೆ, 1-6: ನೀವು ಹೇಳಿದಂತೆ ಸೋಮವಾರದಿಂದ ಶನಿವಾರ, 20:30. ಅದು ಕರೆಯುತ್ತಿದ್ದುದು ಐದು ಸಾಲಿನ ಒಂದು ಸ್ಕ್ರಿಪ್ಟ್. "ಮಾಸ್ಟರ್" ಎಂಬ ಫೋಲ್ಡರ್‌ನಿಂದ ನಮ್ಮ ಹಂಚಿಕೆಯ ಫೋಲ್ಡರ್‌ಗೆ ಆರ್‌ಸಿಂಕ್, ಅಂದರೆ ಫೈಲ್ ನಕಲಿಸುವ ಆಜ್ಞೆ. ಆ ಮಾಸ್ಟರ್ ಹಂಚಿಕೆಯಲ್ಲಿ ಇಲ್ಲದ್ದರಿಂದ ನಮಗ್ಯಾರಿಗೂ ಕಂಡಿರಲಿಲ್ಲ. ಮೂಲದ ದಿನಾಂಕ ಉಳಿಸುವ ಆಯ್ಕೆ ಇದೆ, ಅದಕ್ಕೇ 2019. ಗುರಿಯಲ್ಲಿ ಹೊಸದಿದ್ದರೆ ಬಿಟ್ಟುಬಿಡು ಎನ್ನುವ ಆಯ್ಕೆ ಇಲ್ಲ, ಅದಕ್ಕೇ ಎಫ್40 ಉಳಿಯುತ್ತಿರಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಅಳಿಸು ಎನ್ನುವ ಆಯ್ಕೆಯೂ ಇಲ್ಲ, ಅದಕ್ಕೇ ಹೊಸ ಪ್ರೋಗ್ರಾಂಗಳು ಬದುಕಿದವು. ಒಂದೊಂದೇ ಕಲಂ ಕೂಡಿಬಂದಾಗ ನನಗಾದ ಸಂತೋಷವನ್ನು ಲೆಕ್ಕದವರು ಮಾತ್ರ ಬಲ್ಲರು.

ಸ್ಕ್ರಿಪ್ಟ್‌ನ ಮೊದಲ ಸಾಲು ಒಂದು ಟಿಪ್ಪಣಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: "ಎರಡನೇ ಪಾಳಿ ಫೀಡ್ ಏರಿಸುತ್ತಾರೆ. ಒಪ್ಪಿದ ಪ್ರತಿಯೇ ಬೆಳಿಗ್ಗೆ ಇರಲಿ. ತೆಗೆಯುವ ಮುನ್ನ ನನ್ನನ್ನು ಕೇಳಿ." ಸರ್ವರ್ ಮೇಲಿನ ಕಾಗದದ್ದೇ ಧಾಟಿ.

ಗುರುವಾರ ಸಂಜೆ ಅವರ ಫೋನ್ ಹತ್ತಿತು. ತೋಟದಲ್ಲಿ ಸಿಗ್ನಲ್ ಇಲ್ಲವಂತೆ. ನಾನು ಅರ್ಧ ಹೇಳುವಷ್ಟರಲ್ಲಿ "ಮಾಸ್ಟರ್‌ನಲ್ಲಿ ತಿದ್ದಲಿಲ್ಲವೇನಮ್ಮ?" ಎಂದರು. ಇಷ್ಟೇ. ಹೊಸ ಫೀಡ್ ಒಪ್ಪಿಗೆಯಾದರೆ ಗುಣಮಟ್ಟದವರು ಕ್ಯೂಸಿ ಲಾಗಿನ್‌ನಿಂದ ಮಾಸ್ಟರ್ ಫೋಲ್ಡರ್‌ನಲ್ಲಿ ತಿದ್ದುವುದು ಪದ್ಧತಿ. ಆ ಲಾಗಿನ್ ಬಳಸುತ್ತಿದ್ದ ಗುಣಮಟ್ಟದವರು ಕೆಲಸ ಬಿಟ್ಟು ಎರಡು ವರ್ಷವಾಯಿತು. ಅವರ ಜಾಗಕ್ಕೆ ಬಂದವರಿಗೆ ಹೀಗೊಂದು ಫೋಲ್ಡರ್ ಇದೆಯೆಂದೇ ಯಾರೂ ಹೇಳಲಿಲ್ಲ. ಹಿರಿಯರಿಗೆ ತಾವು ಹೇಳಿದ್ದೇವೆ ಎಂಬ ನೆನಪು. ಇರಲಿ.

ಶುಕ್ರವಾರ ಬೆಳಿಗ್ಗೆ ಈಗಿನ ಗುಣಮಟ್ಟದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಸ್ಟರ್‌ನಲ್ಲಿ ಎಫ್40 ಮಾಡಿಸಿದೆ, ಒಂದು ರಿಜಿಸ್ಟರ್‌ನಲ್ಲಿ ಸಹಿಯನ್ನೂ ಹಾಕಿಸಿದೆ. ಕ್ರಾನ್ ಸಾಲನ್ನು ಮುಟ್ಟಿಲ್ಲ. ಆರ್‌ಸಿಂಕ್‌ಗೆ ಮಾತ್ರ ಎರಡು ಆಯ್ಕೆ ಸೇರಿಸಿದೆ: ಅಳಿಸಿಹೋಗುವ ಪ್ರತಿಯನ್ನು ದಿನಾಂಕದ ಹೆಸರಿನ ಬೇರೆ ಫೋಲ್ಡರ್‌ನಲ್ಲಿ ಇಡುವುದು, ಮತ್ತು ಯಾವ ಫೈಲ್ ಬದಲಾಯಿತೆಂದು ಲಾಗ್ ಬರೆಯುವುದು. ಅದಕ್ಕೆ ಮೊದಲು ಎಸ್.ಪಿ. ರಸ್ತೆಯಿಂದ ಒಂದು ಹೊರಗಿನ ಡಿಸ್ಕ್ ತರಿಸಿ ಎಲ್ಲವನ್ನೂ ನಕಲು ಮಾಡಿಟ್ಟೆ. ಸರ್ವರ್ ಗಡಿಯಾರವನ್ನು ಭಾರತೀಯ ಸಮಯಕ್ಕೆ ತಿರುಗಿಸೋಣವೆಂದುಕೊಂಡೆ, ಹಾಗೆ ಮಾಡಿದರೆ 20:30ರ ಕೆಲಸ ನಿಜವಾಗಿಯೂ ರಾತ್ರಿ ಎಂಟೂವರೆಗೆ, ಪಾಳಿಯ ನಡುವೆ ನಡೆಯುತ್ತದೆಂದು ಹೊಳೆದು ಬಿಟ್ಟುಬಿಟ್ಟೆ. ಬದಲಿಗೆ ಕುಂಕುಮದ ಕೆಳಗಿನ ಕಾಗದಕ್ಕೆ ಒಂದು ಸಾಲು ಸೇರಿಸಿದ್ದೇನೆ: "ಇದರ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿ ಓದಿ."

ಬುಧವಾರ ನಾನು ಯಾರ ಹೆಸರು ಹೇಳಲು ಹೊರಟಿದ್ದೆನೋ ಅವರು ನಿನ್ನೆ ನನಗೆ ಕ್ಯಾಂಟೀನ್‌ನಲ್ಲಿ ಮಸಾಲೆ ವಡೆ ಕೊಡಿಸಿದರು. ಅವರಿಗೆ ಏನೂ ಗೊತ್ತಿಲ್ಲ. ವಡೆ ಗಂಟಲಲ್ಲಿ ಇಳಿಯಲಿಲ್ಲ.

ಇಂದು ಬೆಳಿಗ್ಗೆ ಫ್ಲೇಂಜ್ ಫೈಲ್‌ನಲ್ಲಿ ಎಫ್40 ಹಾಗೆಯೇ ಇದೆ. ಲಾಗ್‌ನಲ್ಲಿ ಅದರ ಜೊತೆ ಇನ್ನೊಂದು ಫೈಲ್‌ನ ಹೆಸರೂ ಇತ್ತು, ಪಂಪ್ ಕವರ್‌ನದು. ಅದರ ಎತ್ತಿಟ್ಟ ಪ್ರತಿಯನ್ನು ಮಾಸ್ಟರ್ ಪಕ್ಕಕ್ಕಿಟ್ಟು ನೋಡಿದೆ: ಒಪ್ಪಿದ್ದು ಎಫ್180, ನಿನ್ನೆ ಯಾರೋ ಮಾಡಿದ್ದು ಎಫ್260. ಎರಡೂ ಹಾಳೆ ಮುದ್ರಿಸಿಕೊಂಡು ಗುಣಮಟ್ಟದವರ ಬಳಿ ಹೊರಟಿದ್ದೇನೆ. ಈ ಬಾರಿ ಗಡಿಯಾರವನ್ನು ಎರಡು ಸಲ ನೋಡಿಕೊಂಡಿದ್ದೇನೆ.